ಫಿಟ್ಟರ್ ಸಾಹೇಬರು ಮಾಡಿದ ಮಂಚ

ಬಲಗೈ ಹೆಬ್ಬೆರಳಿನ ಉಗುರನ್ನು ಅವರು ಉದ್ದಕ್ಕೆ ಬಿಟ್ಟಿದ್ದರು. ಗ್ರೀಸು ಕೂತು ಕಪ್ಪಾಗಿ, ತುದಿಯಲ್ಲಿ ಸ್ವಲ್ಪ ಬಾಗಿದ ಉಗುರು. ಯಾವ ಬೋಲ್ಟೇ ಇರಲಿ, ಅದರ ತಿರುಪಿನ ಮೇಲೆ ಉಗುರನ್ನು ಒಮ್ಮೆ ಕರಕರ ಎಳೆದು, ಕಣ್ಣು ಮುಚ್ಚಿ, ಯಾವ ನಟ್ಟು ಕೂರುತ್ತದೆಂದು ಹೇಳಿಬಿಡುತ್ತಿದ್ದರು. ಸಕಲೇಶಪುರದಲ್ಲಿ ಎಲ್ಲರಿಗೂ ಅವರು ಫಿಟ್ಟರ್ ಸಾಹೇಬರು. ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಕೆಟ್ಟರೂ, ದೋಣಿಗಲ್ ಏರಿನಲ್ಲಿ ಲಾರಿ ನಿಂತುಹೋದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಲ್ಲಿನ ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದೆ. ಆಗ ನನಗೆ ಇಪ್ಪತ್ತಮೂರು. ಬಾಡಿಗೆಗೆ ಸಿಕ್ಕಿದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರಿಗೆ ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಶಾಲೆ ಬಿಟ್ಟ ಮೇಲೆ ದಿನವೂ ಅಕ್ಕನ ಹತ್ತಿರ ಹೋಗಿ ಕೂರುವುದು ನನಗೆ ರೂಢಿಯಾಯಿತು.

ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅಕ್ಕನ ಹೃದಯವನ್ನು ಕೆಡಿಸಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಂಗಾತ ಮಲಗಿದರಂತೂ ನೀರಿನಲ್ಲಿ ಮುಳುಗಿದವರ ಹಾಗೆ ಉಸಿರು ಕಟ್ಟುತ್ತಿತ್ತು. ಊರಿನ ಡಾಕ್ಟರು ಸಾಹೇಬರನ್ನು ಹೊರಗೆ ಕರೆದು, “ನನ್ನ ಮದ್ದು ಇನ್ನು ನಡೆಯಲ್ಲ, ಒರಗಿಸಿಯೇ ಮಲಗಿಸಿ” ಎಂದಿದ್ದರಂತೆ. ದಿಂಬು ಒಟ್ಟಿದರೆ ಅಕ್ಕ ಜಾರಿ ಕೆಳಗೆ ಬರುತ್ತಿದ್ದರು. ಕೊನೆಗೆ ಸಾಹೇಬರೇ ಗೋಡೆಗೆ ಬೆನ್ನು ಕೊಟ್ಟು ಕೂತು, ಹೆಂಡತಿಯನ್ನು ಎದೆಗೆ ಒರಗಿಸಿಕೊಳ್ಳತೊಡಗಿದರು. ಹಾಗೆಯೇ ಎರಡು ವರ್ಷ. ಹಗಲೆಲ್ಲ ವರ್ಕ್‌ಶಾಪು, ಇರುಳೆಲ್ಲ ಗೋಡೆ. ಬೆಳಿಗ್ಗೆ ಅವರು ನೀರು ಸೇದಲು ಬರುವಾಗ ಸೊಂಟ ನೇರವಾಗಲು ಎಷ್ಟೋ ಹೊತ್ತು ಬೇಕಾಗುತ್ತಿತ್ತು.

ಒಂದು ದಿನ ಅವರು ಜಗಲಿಯ ಮೇಲೆ ಕಬ್ಬಿಣದ ರಾಶಿ ಹರವಿಕೊಂಡು ಕೂತಿದ್ದರು.

“ಏನು ಸಾಹೇಬ್ರೆ ಇದು?”

“ಅವಳಿಗೆ ಮಂಚ ಮಾಡ್ತಾ ಇವ್ನಿ ಕಣಮ್ಮ. ತಾನೇ ಏಳ್ತೈತೆ, ತಾನೇ ಇಳೀತೈತೆ.”

ಲಾರಿ ಎತ್ತುವ ಜಾಕಿಯ ತಿರುಪುಗಂಬ, ಯಾವುದೋ ಎಸ್ಟೇಟಿನವರು ಮೂಲೆಗೆಸೆದಿದ್ದ ಸಣ್ಣ ಮೋಟಾರು, ನಾಲ್ಕು ಹಲ್ಲುಚಕ್ರ. ನನಗೆ ಅರ್ಥವಾಗಲೆಂದು ಅವರು ಒಂದು ಬೋಲ್ಟಿಗೆ ನಟ್ಟು ಹಾಕಿ, ನಟ್ಟನ್ನು ತಿರುಗದಂತೆ ಹಿಡಿದುಕೊಂಡು, ಬೋಲ್ಟನ್ನಷ್ಟೇ ತಿರುಗಿಸಿದರು. ನಟ್ಟು ಮೆಲ್ಲಗೆ ಮುಂದಕ್ಕೆ ಹೋಯಿತು. “ನೋಡಿ, ಮೋಟಾರು ಸುತ್ತತೈತೆ, ನಟ್ಟು ನೆಟ್ಟಗೆ ಓಡತೈತೆ. ನಟ್ಟಿಗೆ ಒಂದು ಕೊಳವೆ ಕೂರಿಸಿದ್ರೆ ಅದು ಮಂಚದ ತಲೆ ಕಡೆ ಹಲಗೇನ ನೂಕ್ತೈತೆ. ಅಷ್ಟೇಯ.”

ಅಷ್ಟೇ ಆಗಿರಲಿಲ್ಲ. ಮೊದಲ ಸಲ ಹಲಗೆ ಹಾರಿಬಿದ್ದಂತೆ ಎದ್ದಿತು; ಹಲ್ಲುಚಕ್ರ ಬದಲಿಸಿ ವೇಗ ಇಳಿಸಿದರು. ತುದಿ ಮುಟ್ಟಿದ ಮೇಲೂ ಮೋಟಾರು ತಿರುಗಿ ಹಲಗೆ ಸೀಳಿತು. ನಟ್ಟು ಬಂದು ತಾಗಿದೊಡನೆ ಕರೆಂಟು ಕಡಿಯುವ ಸ್ವಿಚ್ಚನ್ನು ಎರಡು ತುದಿಗೂ ಇಟ್ಟರು. ಸವೆಯದಿರಲೆಂದು ನಟ್ಟನ್ನು ಕಂಚಿನಲ್ಲಿ ಕಡೆದರು. ಮಳೆಗಾಲದ ತೇವ ತಿರುಪಿಗೆ ಹತ್ತದಂತೆ ಸೈಕಲ್ ಟ್ಯೂಬು ಕೊಯ್ದು ತೋಳಿನಂತೆ ತೊಡಿಸಿದರು. ಯಾರ ಸಹಾಯವೂ ಇಲ್ಲದೆ ಅಕ್ಕನೇ ಒತ್ತಲಿ ಎಂದು ಗುಂಡಿಯನ್ನು ಅವರ ಕೈಯ ಬಳಿ ಕಟ್ಟಿದರು. “ಕರೆಂಟ್ ಹೋದ್ರೆ ಧೊಪ್ಪಂತ ಬೀಳಲ್ವಾ?” ಎಂದು ಕೇಳಿದೆ. “ಬೀಳಲ್ಲ. ತಿರುಪು ಓರೆ ಕಮ್ಮಿ ಐತೆ. ಎಷ್ಟು ಭಾರ ಹಾಕಿದ್ರೂ ಹಿಂದಕ್ಕೆ ಜಾರಲ್ಲ, ಎಲ್ಲಿ ನಿಲ್ಸಿದ್ರೆ ಅಲ್ಲೇ” ಎಂದರು.

ಮಂಚ ನೋಡಲು ಊರೇ ಬಂತು. ಡಾಕ್ಟರೂ ಬಂದರು. ಮಾರನಹಳ್ಳಿಯಿಂದ ಬಂದಿದ್ದ ಸಾಹುಕಾರರೊಬ್ಬರು, “ಹೆಂಡ್ತಿ ಅಂದ್ರೆ ಹಿಂಗೆ ನೋಡ್ಕಬೇಕು ಕಣೋ” ಎಂದು ತಮ್ಮ ಮಗನಿಗೆ ಬುದ್ಧಿ ಹೇಳಿದರು. ಸಾಹೇಬರು ತಲೆಯೆತ್ತಲೇ ಇಲ್ಲ. ಗ್ರೀಸು ಹಚ್ಚುತ್ತಲೇ ಇದ್ದರು.

ಆಮೇಲೆ ಒಂದು ಸಂಜೆ ಅಕ್ಕ ಗುಂಡಿ ಒತ್ತಿ ಸ್ವಲ್ಪ ಮೇಲೆ ಬಂದು, ನನ್ನ ಕೈ ಹಿಡಿದುಕೊಂಡರು.

“ಮಂಚ ಚೆನ್ನಾಗೈತೆ ಕಣಮ್ಮ. ಉಸಿರೂ ಆಡ್ತೈತೆ. ಆದ್ರೆ ಅವರ ಎದೆ ಬೆಚ್ಚಗಿತ್ತು.” ಕೈ ಬಿಡದೆಯೇ, “ಅವರಿಗೆ ಹೇಳಬ್ಯಾಡ. ಎಷ್ಟು ಕಷ್ಟ ಬಿದ್ದವ್ರೆ” ಎಂದರು.

ನಾನು ಹೇಳಲಿಲ್ಲ.

ಆ ವರ್ಷದ ಆಷಾಢದಲ್ಲಿ ಘಾಟಿಯ ಕಡೆ ಕಂಬಗಳು ಉರುಳಿ ಮೂರು ದಿನ ಕರೆಂಟಿರಲಿಲ್ಲ. ತಲೆ ಕಡೆಯ ಹಲಗೆ ಪೂರ್ತಿ ಮೇಲೆದ್ದು, ಅಕ್ಕ ಒರಗಿ ಕೂತ ಭಂಗಿಯಲ್ಲಿ ಮಂಚ ನಿಂತುಬಿಟ್ಟಿತ್ತು. ಮೂರನೆಯ ದಿನ, ಶಾಲೆಗೆ ಮಳೆಯ ರಜೆ ಕೊಟ್ಟಿದ್ದರಿಂದ ನಾನು ಮನೆಯಲ್ಲೇ ಇದ್ದೆ. ಹತ್ತು ಗಂಟೆಯ ಹೊತ್ತಿಗೆ ಗಂಜಿ ಕೊಡಲು ಹೋದಾಗ ಅಕ್ಕ ಕಣ್ಣು ತೆರೆದೇ ಹೋಗಿಬಿಟ್ಟಿದ್ದರು. ನಾನೇ ಓಡಿ ಹೋಗಿ ವರ್ಕ್‌ಶಾಪಿನಿಂದ ಸಾಹೇಬರನ್ನು ಕರೆತಂದೆ.

ಕೇರಿಯ ಹೆಂಗಸರು ಬಂದರು. ಮೈ ಸೆಟೆಯುವುದರೊಳಗೆ ನೆಲಕ್ಕೆ ಎತ್ತಿ ಮಲಗಿಸೋಣ ಎಂದರು. ಸಾಹೇಬರು ಅಡ್ಡ ನಿಂತರು.

“ಕೂತಿರೋಳನ್ನ ಹಂಗೆ ಎಳೀಬ್ಯಾಡಿ. ನಾನೇ ಮಲಗಿಸ್ತೀನಿ.”

ಮಂಚದ ಕೆಳಗೆ ಹೋಗಿ ಮೋಟಾರಿನ ಮುಚ್ಚಳ ಬಿಚ್ಚಿ, ಅದರ ದಂಡಕ್ಕೆ ಸ್ಪ್ಯಾನರು ಹಾಕಿ ಕೈಯಿಂದಲೇ ತಿರುಗಿಸತೊಡಗಿದರು. ನಾನು ಅಕ್ಕನ ತಲೆ ಓಲದಂತೆ ಹಿಡಿದುಕೊಂಡೆ. ಸ್ಪ್ಯಾನರು ಅರ್ಧ ಸುತ್ತು ತಿರುಗುತ್ತಿತ್ತು, ಅವರು ತೆಗೆದು ಮತ್ತೆ ಹಾಕುತ್ತಿದ್ದರು. ಎಷ್ಟು ಸುತ್ತಿದರೂ ಹಲಗೆ ಇಳಿಯುತ್ತಿದ್ದುದು ಬೆರಳಗಲ. ಹೆಂಗಸರು ಅಳು ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು. ಮಂಚದ ಕೆಳಗಿಂದ ಅವರ ಏದುಸಿರು ಕೇಳುತ್ತಿತ್ತು. ಹಲಗೆ ಪೂರ್ತಿ ಇಳಿದು ಅಕ್ಕ ಅಂಗಾತವಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೊರಗೆ ಬಂದ ಸಾಹೇಬರ ಅಂಗೈ ಸುಲಿದು ರಕ್ತ ಬರುತ್ತಿತ್ತು.

ನಲವತ್ತು ದಿನ ಕಳೆದ ಮೇಲೆ ಡಾಕ್ಟರು, “ಆಸ್ಪತ್ರೆಗೂ ಅಂಥದೊಂದು ಮಾಡಿಕೊಡಿ” ಎಂದು ಹೇಳಿಕಳಿಸಿದರು. ಸಾಹೇಬರು ಮಂಚವನ್ನು ಬಿಚ್ಚಿ, ತಿರುಪುಗಂಬವನ್ನು ಗುಜರಿಗೆ ಹಾಕಿದರು. ಒಂದು ಸಂಜೆ ನನ್ನ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತರು. ಕಾಫಿ ಕೊಟ್ಟೆ. ಲೋಟ ಕೈಯಲ್ಲೇ ಉಳಿಯಿತು.

“ಟೀಚರಮ್ಮ, ಅವಳಿಗೆ ಆ ಮಂಚದಲ್ಲಿ ಸುಖ ಇತ್ತಾ?”

“ಇತ್ತು ಸಾಹೇಬ್ರೆ. ತುಂಬಾ ಸುಖ ಇತ್ತು.”

ಅವರು ನನ್ನ ಮುಖವನ್ನೇ ನೋಡಿದರು. “ಮಕ್ಕಳಿಗೆ ಪಾಠ ಹೇಳೋರು ನೀವು. ಸುಳ್ಳು ಹೇಳಕ್ಕೆ ಬರಲ್ಲ ನಿಮಗೆ.”

ನಾನು ತಲೆ ತಗ್ಗಿಸಿದೆ. ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು: “ಅವಳಿಗೋಸ್ಕರ ಮಾಡ್ದ ಅಂತ ಊರೆಲ್ಲ ಹೇಳ್ತೈತೆ. ಇಲ್ಲ ಕಣಮ್ಮ. ನನ್ನ ಬೆನ್ನು ಮುರಿದೋಗಿತ್ತು. ಒಂದಿನ ವರ್ಕ್‌ಶಾಪಲ್ಲಿ ಲೇತ್ ಮುಂದೆ ನಿಂತ್ಕಂಡು, ಇದು ಯಾವಾಗ ಮುಗೀತೈತೋ ಅಂದ್ಕಂಡ್ಬುಟ್ಟೆ. ನನ್ನ ಹೆಂಡ್ತಿ ಉಸಿರಾಡ್ತಿರೋವಾಗ ಹಂಗಂದ್ಕಂಡೆ. ಅದಕ್ಕೆ ಹೆದರಿ ಮಂಚ ಮಾಡೋಕೆ ಕೂತೆ.”

“ಕಾಫಿ ಆರ್ತಾ ಇದೆ, ಕುಡೀರಿ” ಎಂದೆ. ಅವರು ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಮುಂದಿನ ವರ್ಷ ನನಗೆ ಬೆಳಗೋಡಿಗೆ ವರ್ಗವಾಯಿತು. ಅಲ್ಲಿಗೆ ಬರುತ್ತಿದ್ದ ಬಸ್ಸಿನ ಕಂಡಕ್ಟರೇ ಒಂದು ದಿನ, “ನಿಮ್ಮ ಫಿಟ್ಟರ್ ಸಾಹೇಬ್ರು ಹೋಗ್ಬುಟ್ರು ಕಣ್ರೀ” ಎಂದ. ಅದೇ ಬಸ್ಸು ಹತ್ತಿ ಹೋದೆ. ಮಣ್ಣು ಮಾಡಿ ಬಂದವರು ರಸ್ತೆಯಲ್ಲಿ ಎದುರಾದರು.

ಮುಂದೆ ನನಗೂ ಮದುವೆಯಾಯಿತು. ಬಹಳ ವರ್ಷಗಳ ಮೇಲೆ ನನ್ನ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದರು. ಆರನೆಯ ವರ್ಷವೋ ಏನೋ, ಒಲೆಯ ಮುಂದೆ ನಿಂತಿದ್ದಾಗ ಇದು ಯಾವಾಗ ಮುಗಿಯುತ್ತದೋ ಎಂದು ನಾನೂ ಅಂದುಕೊಂಡೆ. ಅದು ಪಾಪವಲ್ಲ ಸಾಹೇಬ್ರೆ, ದಣಿವು ಅಷ್ಟೇ ಎಂಬ ಮಾತು ಆಗ ನನಗೆ ಸಿಕ್ಕಿತು. ಅವರು ನನ್ನ ಮೆಟ್ಟಿಲ ಮೇಲೆ ಕೂತಿದ್ದಾಗ ಅದು ನನ್ನ ಬಳಿ ಇರಲಿಲ್ಲ.