ಹೂವಿನ ಪಕ್ಕದ ಹೆಬ್ಬೆರಳು

ಒಗೆದ ಬಟ್ಟೆ ಇನ್ನೂ ಅರ್ಧ ಬಕೆಟ್ಟಿನಲ್ಲೇ ಇದೆ. ಮಗಳ ಲಂಗ ಹಿಂಡಿ ಹಗ್ಗಕ್ಕೆ ಹಾಕುವಷ್ಟರಲ್ಲಿ ಫೋನು. "ಅರಳಿದೆ ಕಣಮ್ಮ. ಬಿಸಿಲೇರಿದ್ರೆ ಮುಖ ಮುಚ್ಕೊಳ್ಳುತ್ತೆ. ಬರೋದಾದ್ರೆ ಈಗ್ಲೇ ಬಾ." ಉಳಿದ ಬಟ್ಟೆ ಹಾಗೇ ಬಿಟ್ಟು, ಐದು ವರ್ಷದ ಮಗಳ ಕೈ ಹಿಡಿದು ಹೊರಡುತ್ತೇನೆ.

ಕರೆದವರನ್ನು ನಾವೆಲ್ಲ ದಾರಿಯಮ್ಮ ಎನ್ನುತ್ತೇವೆ. ಊರಂಚಿನ ಕಾಡಿನ ಕಾಲುದಾರಿಯನ್ನು ನೋಡಿಕೊಳ್ಳುವುದು ಅವರ ಕೆಲಸ. ಚಾರಣಿಗರು ಬರುವ ಮೊದಲೇ ಬಿದ್ದ ರೆಂಬೆ ಎಳೆದುಹಾಕಿ, ಮುಳ್ಳು ಸವರಿ, ಎಸೆದ ಬಾಟಲಿಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಾರೆ. ಗಂಡ ಇದೇ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಕುಡುಗೋಲು ಇವರ ಕೈಗೆ ಬಂತು. ಫೋಟೊ ತೆಗೆಯುವ ಗೀಳು ಮಾತ್ರ ಇವರದೇ. ಹುಲ್ಲು ಕೊಯ್ಯುವ ಮೊದಲು ಬಗ್ಗಿ ನೋಡುತ್ತಾರೆ. ಹೂವಿದ್ದರೆ ಒಂದು ಫೋಟೊ ತೆಗೆದು, ಅಷ್ಟು ಜಾಗ ಬಿಟ್ಟು ಮುಂದಕ್ಕೆ. "ಕುಡುಗೋಲಿಗೆ ಕಣ್ಣಿಲ್ಲ. ಹಿಡಿದವಳಿಗಾದ್ರೂ ಬೇಡ್ವಾ?"

ನಾವು ಹೋದಾಗ ಒದ್ದೆ ನೆಲದ ಮೇಲೆ ಬೋರಲು ಮಲಗಿದ್ದಾರೆ. ಬಂಡೆಯ ಬುಡದಲ್ಲಿ ಒಂದು ಹಿಡಿಯಷ್ಟು ನೀಲಿ ಹೂಗಳು, ಒಂದೊಂದೂ ಸಾಸಿವೆಗಿಂತ ತುಸು ದೊಡ್ಡದು. ಗಾಜು ಬಿರಿದ ಫೋನು ಬಲಗೈಲಿ. ಎಡಗೈ ಹೆಬ್ಬೆರಳು ಹೂವಿನ ಪಕ್ಕದಲ್ಲಿ.

"ಬೆರಳು ಯಾಕೆ?"

"ಇಲ್ದಿದ್ರೆ ಹೂ ಎಷ್ಟು ಚಿಕ್ಕದು ಅಂತ ಗೊತ್ತಾಗೋದು ಹೇಗೆ? ಹೋದ ವರ್ಷ ಅರಣ್ಯ ಕಚೇರಿಯವರು ನನ್ನ ಫೋಟೊದಲ್ಲಿ ಬೆರಳು ತೆಗೆದು, ಗೇಟಿನ ಹತ್ರ ಬರೀ ಹೂವನ್ನ ತಟ್ಟೆಯಷ್ಟಗಲ ಮಾಡಿ ಹಾಕಿದ್ರು. ಜನ ತಟ್ಟೆಯಷ್ಟಗಲದ ಹೂವೇ ಹುಡುಕ್ತಾ ಬಂದ್ರು. ಇದರ ಮೇಲೇ ನಿಂತ್ಕೊಂಡು 'ಹೂವೆಲ್ಲಿ?' ಅಂತ ನನ್ನನ್ನೇ ಕೇಳಿದ್ರು!"

ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ. ಆಗ ಈ ಹೂ ಬಂಡೆಯ ಸುತ್ತಲೂ ಇತ್ತಂತೆ. ಈಗ ಉಳಿದಿರುವುದು ಇಷ್ಟೇ. ನಾಳೆ ಈ ವರ್ಷದ ಚಾರಣ ಶುರು, ಮತ್ತೆ ಜನ ಬರುತ್ತಾರೆ.

"ಬೆರಳು ತೆಗೆಸಿದ್ದು ಯಾರು?"

"ನಾನೇ ಕಣಮ್ಮ. ಉಗುರು ನೋಡು, ಇದ್ದಿಲು. ನಾಚಿಕೆ ಆಯ್ತು, ಕತ್ತರಿಸ್ಬಿಡಿ ಸಾರ್ ಅಂದೆ. ಪಾಪ, ಅವರು ಹಾಗೇ ಮಾಡಿದ್ರು. ಈಗ ಯಾವ ಮುಖ ಇಟ್ಕೊಂಡು, ನನ್ನ ಬೆರಳನ್ನ ಗೋಡೆಗೆ ಹಾಕಿ ಅನ್ನಲಿ?"

ಮಗಳು ಕೂತು, ತನ್ನ ಪುಟ್ಟ ಹೆಬ್ಬೆರಳನ್ನು ಹೂವಿನ ಪಕ್ಕ ಇಟ್ಟು ನೋಡುತ್ತಾಳೆ. ದಾರಿಯಮ್ಮನ ಜೊತೆ ವಾಪಸು ಬರುವಾಗ ಉದ್ದಕ್ಕೂ ನನ್ನ ಶಾಲು ಜಗ್ಗುತ್ತಾಳೆ. "ಏನು ಪುಟ್ಟಿ?" ಎಂದರೆ "ಏನಿಲ್ಲ."

ಗೇಟಿನ ಬಳಿ ಕಚೇರಿಯವರು ಸ್ಟೂಲಿನ ಮೇಲೆ ನಿಂತಿದ್ದಾರೆ. ಮಾಸಿದ ಚಿತ್ರ ತೆಗೆದು, ಅದೇ ಹೂವಿನ ಹೊಸ ಅಚ್ಚು ಹಾಕಲು ಹೊರಟಿದ್ದಾರೆ. ಈ ಸಲವೂ ಹೂ ಒಂಟಿ.

"ಬನ್ನಿ ದಾರಿಯಮ್ಮ, ನಿಮ್ಮದೇ ಫೋಟೊ. ನೋಡಿ ಹೇಳಿ, ಆಮೇಲೇ ಮೊಳೆ ಹೊಡೀತೀನಿ."

ದಾರಿಯಮ್ಮ ಬಾಯಿ ತೆರೆಯುತ್ತಾರೆ. ಎಡಗೈ ಮೆಲ್ಲಗೆ ಚೀಲದ ಹಿಂದೆ ಸರಿಯುತ್ತದೆ. "ಚೆನ್ನಾಗಿದೆ ಸಾರ್."

ಅವರು ಸುತ್ತಿಗೆ ಎತ್ತುತ್ತಾರೆ. ಮಗಳು ನನ್ನ ಕೈ ಬಿಡಿಸಿಕೊಂಡು ಸ್ಟೂಲಿನ ಹತ್ತಿರ ಓಡುತ್ತಾಳೆ.

"ಅಂಕಲ್, ಅಜ್ಜಿ ಬೆರಳೆಲ್ಲಿ?"