ಅರವತ್ತಕ್ಕೆ ನಿಲ್ಲುವ ಗಿರಣಿ

ಬೆಳಗಿನ ಐದೂವರೆ. ಗಂಗಾವತಿಯ ಹೊರಗೆ, ಕಾಲುವೆ ಪಕ್ಕದ ಅಕ್ಕಿ ಗಿರಣಿಯಲ್ಲಿ ಇನ್ನೂ ಸದ್ದಿಲ್ಲ. ಗೇಟಿನೊಳಗೆ ಎರಡು ಲಾರಿ ಅಕ್ಕಿಗಾಗಿ ಕಾದು ನಿಂತಿವೆ. ಮಿಸ್ತ್ರಿ ಹೊನ್ನೂರಪ್ಪ ಮೋಟರಿನ ಪಕ್ಕದ ಮೊಳೆಗೆ ತೂಗಿಬಿಟ್ಟ ಸೆಣಬಿನ ದಾರವನ್ನು ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ಗಂಟು ಸವರುತ್ತ ಎಣಿಸುತ್ತಾರೆ. ಮುಗಿದ ಮೇಲೆ ಮತ್ತೊಮ್ಮೆ ಎಣಿಸುತ್ತಾರೆ. ಆಮೇಲೆ ಮೇನ್ ಸ್ವಿಚ್ಚಿನ ಪೆಟ್ಟಿಗೆ ತೆರೆದು, ಮೂರೂ ಫ್ಯೂಜು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಅರವತ್ತಾತ್ರಿ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ನೋಡದೆ. "ಇವತ್ತ ಮೊದಲ ಪಟ್ಟಾ, ಆಮ್ಯಾಲ ಅಕ್ಕಿ."

ಪಟ್ಟಾ ಅಂದರೆ ಮೋಟರಿನಿಂದ ಇಡೀ ಗಿರಣಿಯನ್ನು ತಿರುಗಿಸುವ, ಗೇಣಗಲದ ಬೆಲ್ಟು. ಅದರ ಎರಡು ತುದಿಗಳನ್ನು ಕಬ್ಬಿಣದ ಹಲ್ಲುಗಳಿಂದ ಕಚ್ಚಿಸಿರುತ್ತಾರೆ. ಆ ಜೋಡು ಸಡಿಲಾದ ದಿನ ಪಟ್ಟಾ ಬಿಚ್ಚಿಕೊಂಡು ಬೀಸುತ್ತದೆ. ಎದುರಿಗೆ ಯಾರಿದ್ದಾರೆಂದು ಅದು ನೋಡುವುದಿಲ್ಲ. ಗಿರಣಿ ಓಡಿದ ಒಂದೊಂದು ದಿನಕ್ಕೂ ದಾರದಲ್ಲಿ ಒಂದು ಗಂಟು ಬೀಳುತ್ತದೆ. ಅರವತ್ತಾದರೆ ಹೊಸ ಜೋಡು ಹಾಕುವವರೆಗೆ ಎಲ್ಲ ಬಂದ್.

ಮಾಲಕ ಕಳಕಪ್ಪನವರು ಸ್ಕೂಟರ್ ಇಳಿಯುವ ಮೊದಲೇ ಶುರುಮಾಡುತ್ತಾರೆ. "ಹೊನ್ನೂರಪ್ಪಾ, ಲಾರಿ ನಿಂತಾವ. ನಾಕ ದಿನಕ್ಕ ದೀಪಾವಳಿ ಐತಿ, ಹೆಂಗೂ ಗಿರಣಿ ಬಂದ್ ಇರತೈತಿ. ಆವಾಗ ಮಾಡೀಯಂತ. ನಾಕ ದಿನಕ್ಕ ಗಿರಣಿ ಏನ ಬೀಳತೈತೇನು?"

"ಗಿರಣಿ ಬೀಳಂಗಿಲ್ರಿ ಸಾವ್ಕಾರ್ರ. ಮಂದಿ ಬೀಳತಾರ."

ಕಳಕಪ್ಪನವರು ಆಫೀಸಿನೊಳಗೆ ಹೋಗುತ್ತಾರೆ. ಹೊನ್ನೂರಪ್ಪ ಸ್ಪ್ಯಾನರ್ ಹಿಡಿದು ಕೂರುತ್ತಾರೆ.

ಯಲಬುರ್ಗಾ ಕಡೆಯ ಬೇವೂರಿನವರು ಇವರು. ಮೂರನೆಯ ಇಯತ್ತೆಗೆ ಸಾಲಿ ಮುಗಿಯಿತು. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಹೆಂಡತಿ ಹಂಪವ್ವನ ಜೊತೆ ಕಾಲುವೆ ಸೀಮೆಗೆ ಕೂಲಿಗೆ ಬಂದರು. ಅವರು ಎಣ್ಣೆ ಹಾಕುವ ಕೆಲಸಕ್ಕೆ, ಆಕೆ ನುಚ್ಚು ಕೇರುವುದಕ್ಕೆ. ಆಗೆಲ್ಲ ಪಟ್ಟಾ ಹರಿದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಇಪ್ಪತ್ತನಾಲ್ಕು ಹೆಂಗಸರು ಅರ್ಧ ಕೂಲಿಗೆ ಮನೆಗೆ ಹೋಗುತ್ತಿದ್ದರು. ಎಪ್ಪತ್ತೈದರಲ್ಲಿ ಹದಿನಾಲ್ಕು ಸಲ ಹೀಗಾಯಿತು.

"ಯಾಕ ಹರೀತೈತಿ ಅಂತ ಯಾರೂ ಕೇಳತಿರಲಿಲ್ರಿ. ಹರೀತಲ್ಲ, ಹೊಲೀ ಅಂತಿದ್ರು," ಎನ್ನುತ್ತಾರೆ. ಅವರು ಬಾಯ್ಲರಿನ ಇದ್ದಿಲು ತಂದು ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ಬರೆಯತೊಡಗಿದರು. ಓಡಿದ ದಿನಕ್ಕೊಂದು ಗೆರೆ, ಭತ್ತ ಮೇಲೆತ್ತುವ ಎಲಿವೇಟರ್ ಕಸ ಸಿಕ್ಕಿ ಕಟ್ಟಿಕೊಂಡರೆ ಒಂದು ಸೊನ್ನೆ, ಪಟ್ಟಾ ಹರಿದರೆ ಅಡ್ಡಗೆರೆ. ಎರಡು ವರ್ಷದ ಗೋಡೆ ನೋಡಿದಾಗ ಅವರಿಗೆ ಹೊಳೆದದ್ದು ಇಷ್ಟು: ಸೊನ್ನೆಗಳು ಗುಂಪಾಗಿ ಬಂದ ಮೇಲೆ ಅಡ್ಡಗೆರೆ ಬೇಗ ಬರುತ್ತದೆ. ಕಟ್ಟಿಕೊಂಡ ಎಲಿವೇಟರನ್ನು ಎಳೆದು ಎಳೆದು ಪಟ್ಟಾ ಸೋಲುತ್ತದೆ. ಎಲಿವೇಟರನ್ನು ವಾರಕ್ಕೊಮ್ಮೆ ಬಳಿದು ಚೊಕ್ಕ ಮಾಡತೊಡಗಿದರು. ಆಗ ಜೋಡು ಅರವತ್ತೈದು ದಿನದವರೆಗೂ ಬಾಳುವುದು ಕಂಡಿತು. ಅರವತ್ತಕ್ಕೇ ಬಿಚ್ಚುವುದೆಂದು ನಿಯಮ ಮಾಡಿದರು. ಎಪ್ಪತ್ತೆಂಟರಲ್ಲಿ ಪಟ್ಟಾ ಒಮ್ಮೆಯೂ ಹರಿಯಲಿಲ್ಲ.

ವರ್ತಕರ ಸಭೆಯೊಂದರಲ್ಲಿ ಈ ಜಾಣತನಕ್ಕೆ ಚಪ್ಪಾಳೆ ಬಿತ್ತು. ಹಾರ ಮಾತ್ರ ಕಳಕಪ್ಪನವರ ಕೊರಳಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹೊನ್ನೂರಪ್ಪನವರಿಗೆ ಅದರ ಬೇಸರವಿಲ್ಲ. ಅವರ ಬೇಸರ ಬೇರೆಯದು. ಅದನ್ನು ಕೇಳುವಾಗ ನಾನು ಪೆನ್ನು ಕೆಳಗಿಟ್ಟೆ.

ಎಪ್ಪತ್ತೊಂಬತ್ತರ ದೀಪಾವಳಿ. ಲಕ್ಷ್ಮೀಪೂಜೆಗೆಂದು ಗಿರಣಿಗೆಲ್ಲ ಸುಣ್ಣ ಹಚ್ಚಿದರು. ಗೋಡೆಯ ಗೆರೆಗಳೂ ಹೋದವು. ಆಗಿನ ಜೋಡಿಗೆ ಅಂದಿಗೆ ನಲವತ್ತೆಂಟು ಗೆರೆ ಆಗಿದ್ದವು. ಪಾಡ್ಯದಂದು ಅಂಗಡಿಕಾರರೆಲ್ಲ ಹೊಸ ಲೆಕ್ಕದ ಪುಸ್ತಕ ತೆರೆಯುವುದು ಇಲ್ಲಿಯ ರೂಢಿ. ಸಾವುಕಾರರು ಅರಿಶಿನ ಕುಂಕುಮ ಹಚ್ಚಿ ಪುಸ್ತಕ ತೆರೆದರು. ಅದನ್ನು ನೋಡಿ, ಗಿರಣಿ ಮತ್ತೆ ಶುರುವಾದ ದಿನ ಹೊನ್ನೂರಪ್ಪನವರೂ ಬಿಳಿ ಗೋಡೆಗೆ ಕುಂಕುಮವಿಟ್ಟು ಮೊದಲನೆಯ ಗೆರೆ ಎಳೆದರು.

"ಗೋಡಿ ಹೊಸಾದಾಗಿತ್ರಿ. ಪಟ್ಟಾ ಹಳೇದ ಇತ್ತು."

ಹತ್ತೊಂಬತ್ತನೆಯ ಗೆರೆ ಎಳೆದ ಮಧ್ಯಾಹ್ನ ಪಟ್ಟಾ ಬಿಚ್ಚಿತು. ಹಂಪವ್ವ ಹೊಟ್ಟು ಹಾರಿಸುವ ಬೀಸಣಿಗೆ ಯಂತ್ರದ ಕೆಳಗೆ ಮೊರ ಹಿಡಿದು ಕೂತಿದ್ದಳು. ಕಬ್ಬಿಣದ ಹಲ್ಲು ಕುತ್ತಿಗೆಗೆ ಬಡಿಯಿತು. ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿಯಿತು.

"ಎಲ್ಲಾರೂ ಹಣೇಬರಾ ಅಂದ್ರು. ಹಣೇಬರಾ ಅಲ್ರಿ, ನನ್ನ ಎಣಿಕಿ. ನಲವತ್ತೆಂಟು, ಮುಂದ ನಲವತ್ತೊಂಬತ್ತು ಅನ್ನಬೇಕಿತ್ತು. ನಾನು ಒಂದು ಅಂದೆ."

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದವರೇ ಗೋಡೆಯನ್ನು ಬಿಟ್ಟು ದಾರ ಹಿಡಿದರು. ದಾರ ಗೋಡೆಯದಲ್ಲ, ಪಟ್ಟಾದ್ದು. ಹೊಸ ಜೋಡು ಬಿದ್ದಾಗಷ್ಟೇ ಹೊಸ ದಾರ. ಹಬ್ಬ ಬರಲಿ, ಸುಣ್ಣ ಹಚ್ಚಲಿ, ಮಾಲಕರೇ ಬದಲಾಗಲಿ, ಗಂಟು ಗಂಟಾಗಿಯೇ ಉಳಿಯುತ್ತದೆ. ಅಂದಿನಿಂದ ಈ ಎಂಬತ್ತಾರರವರೆಗಿನ ಏಳು ವರ್ಷದಲ್ಲಿ ಪಟ್ಟಾ ಒಮ್ಮೆಯೂ ತಾನಾಗಿ ಬಿಚ್ಚಿಲ್ಲ. ಈಗ ಹಂಪವ್ವನ ಜಾಗದಲ್ಲಿ ಕೂರುವ ಬಾನುಬೀ ಹೇಳುತ್ತಾರೆ: "ಮುಂಜಾನೆ ಬಂದಕೂಡ್ಲೆ ಮೊದಲ ದಾರಾ ನೋಡತೀವ್ರಿ. ನಮಗೂ ಎಣಿಸಾಕ ಕಲಿಸ್ಯಾನ ಹೊನ್ನೂರಪ್ಪ ಮಾವ."

ಎಂಟು ಗಂಟೆಗೆ ಹೊಸ ಜೋಡು ಕೂತಿದೆ. ಹೊನ್ನೂರಪ್ಪ ಜೇಬಿನಿಂದ ಫ್ಯೂಜು ತೆಗೆದು ಹಾಕುತ್ತಾರೆ. ಗಿರಣಿ ಎದ್ದು ಕೂಗುತ್ತದೆ. ಹೆಂಗಸರು ಮೊರ ಹಿಡಿದು ಒಳಗೆ ಹೋಗುತ್ತಾರೆ. ಅವರೆಲ್ಲ ಕೂತಾಗುವ ತನಕ ಇವರು ಸ್ವಿಚ್ಚಿನ ಹತ್ತಿರವೇ ನಿಂತಿರುತ್ತಾರೆ.

ಗಿರಣಿಯ ಹಿಂದಿನ ಒಂದೇ ಕೋಣೆ ಅವರ ಮನೆ. ಪತ್ರಿಕೆಗೆ ಬೇಕಿತ್ತು, ಹಂಪವ್ವನವರ ಒಂದು ಫೋಟೊ ಇದೆಯೇ ಎಂದು ಕೇಳಿದೆ. ಹೊನ್ನೂರಪ್ಪ ದೇವರ ಜಗಲಿಯಿಂದ ಒಂದು ಹಳೆಯ ದಾರ ತೆಗೆದು ನನ್ನ ಅಂಗೈಯಲ್ಲಿಟ್ಟರು. ಕುಂಕುಮ ಹತ್ತಿ ಕೆಂಪಾಗಿತ್ತು. ಎಣಿಸಿದೆ. ಅರವತ್ತೇಳು ಗಂಟು: ನಲವತ್ತೆಂಟು, ಅದರ ಮೇಲೆ ಹತ್ತೊಂಬತ್ತು.

"ಫೋಟೊ ತೆಗಿಸಿರಲಿಲ್ರಿ. ಆಕೀದು ಅಂತ ಇದೊಂದ ಐತಿ," ಎಂದರು. "ನಂದೂ ಫೋಟೊ ಬ್ಯಾಡ್ರಿ ಪೇಪರನ್ಯಾಗ. ಸುಣ್ಣಾ ಹಚ್ಚೋ ದಿನಾ ಬಂದಾವು. ಎಲ್ಲಾ ಗಿರಣ್ಯಾಗೂ ಯಾರಾರ ಒಬ್ಬರು ಗೆರಿ ಎಳೀತಿರತಾರ. ಹಬ್ಬಾದ ಮ್ಯಾಲ ಒಂದರಿಂದ ಎಣಿಸಬ್ಯಾಡ್ರಿ ಅಂತ ಬರೀರಿ. ಅಷ್ಟ ಸಾಕು."