ಹಾಡು ಮುಗಿಯುವ ಮೊದಲೇ ಮುಚ್ಚಿದ ಪರದೆ

ಸೂರ್ಯನಿಗೇ ಇನ್ನೂ ಆಕಳಿಕೆ ಬಿಟ್ಟಿಲ್ಲ. ಮಹಾನಗರದ ಅತಿ ದೊಡ್ಡ ಸಂಗೀತ ಸಭಾಂಗಣದಲ್ಲಿ ವೇದಿಕೆಯ ಪರದೆ ಎಳೆಯುವ ಪರದೆಯಣ್ಣ ಆಗಲೇ ಏಣಿ ಹತ್ತಿ ಹಗ್ಗದ ರಾಟೆಗೆ ಎಣ್ಣೆ ಬಿಡುತ್ತಿದ್ದಾರೆ. "ಇದು ಕಿರ್ ಅಂದ್ರೆ ಪಿಟೀಲಿನವರು ನನ್ನನ್ನೇ ಗುರಾಯಿಸ್ತಾರೆ. ಶ್ರುತಿ ಸೇರಲ್ವಂತೆ."

ಅವರು ಎಳೆಯುವ ಕೆಂಪು ಪರದೆ ಎರಡು ಆನೆಗಳ ತೂಕ. ಇಷ್ಟು ವರ್ಷ ಎಳೆದ ಹಗ್ಗವನ್ನೆಲ್ಲ ಗಂಟು ಹಾಕಿದರೆ ಚಂದ್ರನಿಗೆ ಎರಡು ಸುತ್ತು ಬಿಗಿದು, ಮಿಕ್ಕಿದ್ದರಲ್ಲಿ ಬಟ್ಟೆ ಒಣಹಾಕಬಹುದು. ಅಂಗೈ ಎಷ್ಟು ಗಟ್ಟಿಯೆಂದರೆ, ಒಲೆಯ ಮೇಲಿನ ಪಾತ್ರೆ ಇಳಿಸಲು ಹೆಂಡತಿ ಇಕ್ಕಳ ಹುಡುಕುವುದಿಲ್ಲ, ಇವರನ್ನೇ ಕೂಗುತ್ತಾರೆ.

ಇಂಥ ಗಟ್ಟಿಗ ಈ ವಾರ ಹಿಡಿಯಷ್ಟಾಗಿದ್ದಾರೆ. ಶುಕ್ರವಾರದ ವೀಣೆ ಕಛೇರಿ, ಶನಿವಾರದ ಪಿಟೀಲು ಕಛೇರಿ, ಎರಡಕ್ಕೂ ಅವರಿಗೆ ಹೆದರಿಕೆಯಿಲ್ಲ. ಭಾನುವಾರ ಹಾಡುವವರು ಒಬ್ಬ ಹಿರಿಯ ಗಾಯಕಿ. ಕಳೆದ ಸಲ ಅವರು ಹಾಡಿನ ನಡುವೆ ಕಣ್ಣು ಮುಚ್ಚಿ ಮೌನವಾದಾಗ, ಕಛೇರಿ ಮುಗಿಯಿತೆಂದು ಪರದೆಯಣ್ಣ ಹಗ್ಗ ಜಗ್ಗಿಬಿಟ್ಟಿದ್ದರು. ಗಾಯಕಿ ಉಳಿದದ್ದನ್ನು ಪರದೆಯ ಹಿಂದೆಯೇ ಹಾಡಿದರು. ಮತ್ತೆ ತೆರೆಯಲು ಇವರ ಕೈ ಏಳಲಿಲ್ಲ. ಸಭೆ ನಕ್ಕ ನಗುವಿಗೆ ಚಾವಣಿಯ ಪಾರಿವಾಳಗಳು ಊರನ್ನೇ ಬಿಟ್ಟವು.

"ಹಿಂದಿನ ಬಾಗಿಲಿಂದ ಓಡಿದೆ. ತಪ್ಪಾಯ್ತು ಅನ್ನೋಕೂ ಮುಖ ಇರ್ಲಿಲ್ಲ. ಮನೇಲಿ ಉಣ್ತಾ ಉಣ್ತಾ ನನ್ನವಳು ಒಂದು ಗಳಿಗೆ ಸುಮ್ಮನಾದ್ರೆ ಸಾಕು, ತನ್ನ ತಟ್ಟೆ ಗಟ್ಟಿಯಾಗಿ ಹಿಡ್ಕೋತಾಳೆ. 'ಮುಗೀತು ಅಂತ ಎಳ್ಕೊಂಡುಬಿಟ್ಟೀರಾ' ಅಂತಾಳೆ."

ಭಾನುವಾರ ರಜೆ ಕೇಳಿದ್ದೂ ಆಗಿದೆ. "ನೀನಿಲ್ಲದಿದ್ರೆ ನಮ್ಮ ಮಾವ ಬಂದು ಎಳೀತಾರೇನಪ್ಪ?" ಅಂದರಂತೆ ಮ್ಯಾನೇಜರು.

ಮಾತು ಮುಗಿಯುವ ಮೊದಲೇ ಬಾಗಿಲು ತೆರೆಯುತ್ತದೆ. ಭಾನುವಾರದ ಕಛೇರಿಗೆ ಮೈಕು ಪರೀಕ್ಷಿಸಲು ಅದೇ ಗಾಯಕಿ ಬೆಳಗ್ಗೆಯೇ ಬಂದಿದ್ದಾರೆ. ಪರದೆಯಣ್ಣ ಏಣಿಯಿಂದ ಜಾರಿ ಪರದೆಯ ಮಡಿಕೆಯೊಳಗೆ ಮಾಯ.

"ಅಣ್ಣಾ, ಚಪ್ಪಲಿ ಕಾಣ್ತಿದೆ," ಅನ್ನುತ್ತಾರೆ ಗಾಯಕಿ.

ಈಚೆ ಬಂದ ಮುಖಕ್ಕೂ ಪರದೆಗೂ ಒಂದೇ ಬಣ್ಣ. "ತಪ್ಪಾಯ್ತಮ್ಮ. ಅಲ್ಲಿಗೆ ಮುಗೀತು ಅಂದ್ಕೊಂಡೆ. ಅಷ್ಟು ಚೆನ್ನಾಗಿ ಹಾಡಿದ ಮೇಲೆ ಹಾಡೋಕೆ ಇನ್ನೇನು ಉಳಿದಿರುತ್ತೆ ಅನ್ನಿಸ್ತು."

ಗಾಯಕಿ ನಗುವುದಿಲ್ಲ. "ಈ ಸಲ ನಾನು ತಲೆ ಬಾಗಿಸೋ ತನಕ ಹಗ್ಗ ಮುಟ್ಟಬೇಡಿ. ಆವತ್ತು ನನ್ನ ಕಡೆ ನೋಡ್ತಿರಲಿಲ್ವಾ?"

ಎರಡು ಆನೆ ಎಳೆಯುವ ಕೈ ಹಗ್ಗದ ತುದಿಯಲ್ಲಿ ಎಳೆ ಬಿಡಿಸುತ್ತಾ ನಿಂತಿದೆ.

"ಇಲ್ಲಮ್ಮ," ಅನ್ನುತ್ತಾರೆ ಪರದೆಯಣ್ಣ, ನೆಲ ನೋಡುತ್ತಾ. "ಕೇಳ್ತಾ ಕೇಳ್ತಾ ನಾನೂ ಕಣ್ಣು ಮುಚ್ಕೊಂಡಿದ್ದೆ."